ಉಸ್ತಾದರ ಕುತ್ತಿಗೆ

ಉಸ್ತಾದರ ಕುತ್ತಿಗೆ ಬಲಕ್ಕೆ ತಿರುಗಿಯೇ ಇರುತ್ತಿತ್ತು. ಎದುರು ನಿಂತು ಮಾತಾಡಿಸಿದರೆ ಮೂಗು ಪಕ್ಕದವರ ಕಡೆ, ಕಣ್ಣು ಮಾತ್ರ ಓರೆಯಾಗಿ ಬಂದು ನಮ್ಮ ಮೇಲೆ ಕೂರುತ್ತಿತ್ತು. ಹೊಸಬರು ಇದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು. ಅವರಿಗೆ ಸೊಕ್ಕು ಇತ್ತು, ಬೇಕಾದಷ್ಟು ಇತ್ತು, ಆದರೆ ಕುತ್ತಿಗೆ ತಿರುಗಿದ್ದು ಅದರಿಂದಲ್ಲ. ಎಡಗೈಯಲ್ಲಿ ಸ್ಟೇರಿಂಗಿನ ಉಂಡೆ ಹಿಡಿಕೆ, ಬಲಗೈಯಲ್ಲಿ ಸೀಟಿನ ಹಿಂದಿನ ಕಂಬ, ಮುಖ ಬಲಭುಜದ ಆಚೆ, ಹೀಗೆ ಕೂತು ಫೋರ್ಕ್‌ಲಿಫ್ಟನ್ನು ಹಿಂದಕ್ಕೆ ಓಡಿಸುವುದರಲ್ಲೇ ಅವರ ವಯಸ್ಸು ಕಳೆದಿತ್ತು. ಒಂದು ದಿನ ಕುತ್ತಿಗೆಯ ನರಗಳು ಇನ್ನು ಮುಂದಕ್ಕೆ ಬರಲಾರೆವೆಂದು ಅಲ್ಲೇ ನಿಂತುಬಿಟ್ಟವು.

ಫೋರ್ಕ್‌ಲಿಫ್ಟ್ ಅಂದರೆ ಮುಂದೆ ಎರಡು ಉಕ್ಕಿನ ನಾಲಿಗೆ ಚಾಚಿಕೊಂಡು ಭಾರ ಎತ್ತುವ ಗಾಡಿ. ನಮ್ಮ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಅದಿಲ್ಲದೆ ಒಂದು ಕಲ್ಲೂ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಆಳೆತ್ತರದ ಸ್ಲ್ಯಾಬು ಮುಂದೆ ನೇತಾಡುತ್ತಿದ್ದರೆ ಓಡಿಸುವವನಿಗೆ ದಾರಿ ಕಾಣದು. ಹೆಚ್ಚಿನವರು ಒಬ್ಬ ಆಳನ್ನು ಮುಂದೆ ಬಿಟ್ಟು, ಬಾ, ಬಾ, ನಿಲ್ಲು ಎಂಬ ಅವನ ಕೂಗು ಕೇಳಿಕೊಂಡು ಹೋಗುತ್ತಾರೆ. ಉಸ್ತಾದರು ಮಾತ್ರ ಅದಕ್ಕೆ ಒಪ್ಪಿದವರಲ್ಲ. ಗಾಡಿಯನ್ನು ಹೊಳ್ಳಿಸಿ, ಕಲ್ಲಿಗೆ ಬೆನ್ನು ಹಾಕಿದಂತೆ ತಿರುಗಿ ಕೂತು, ಹೋಗುವ ದಾರಿಯನ್ನು ಸ್ವಂತ ಕಣ್ಣಿಂದ ನೋಡುತ್ತ ಹಿಂದಕ್ಕೇ ಹೋಗುವರು. "ಬ್ಯಾರೇದವರ ಕಣ್ಣಾಗ ನಾ ಗಾಡಿ ಓಡಸೂದಿಲ್ಲ," ಎನ್ನುವುದು ಅವರ ಮಾತು. ಮಾಲೀಕರು ಸನ್ನೆ ಮಾಡಲು ಆಳು ಕೊಟ್ಟರೆ ಆ ಆಳನ್ನು ಚಹಾ ತರಲು ಕಳಿಸಿಬಿಡುತ್ತಿದ್ದರು.

ಈ ಕುತ್ತಿಗೆಯ ಬಗ್ಗೆ ಅವರ ಮನೆಯಲ್ಲೂ ಸಾಕಷ್ಟು ನಗೆ ನಡೆಯುತ್ತಿತ್ತು. ನಮಾಜಿನ ಕೊನೆಗೆ ಮುಖವನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಬೇಕಲ್ಲ, ಬಲದ್ದು ತಾನೇ ಆಗುತ್ತಿತ್ತಂತೆ, ಎಡದ್ದಕ್ಕೆ ಸೊಂಟದಿಂದ ಮೇಲೆ ಇಡೀ ಮೈಯನ್ನೇ ಹೊರಳಿಸಬೇಕಾಗುತ್ತಿತ್ತಂತೆ. ಮಗಳ ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಇವರು ಅಡುಗೆಯವರ ಕಡೆ ನೋಡುತ್ತಿದ್ದಾರೆ. ಬಿರಿಯಾನಿ ಮೇಲೇ ಧ್ಯಾನ ನಿಮ್ಮ ಮನುಷ್ಯಾಂದು ಎಂದು ಬೀಗರು ಚಾಚಿಗೆ ಹೇಳಿದ್ದರಂತೆ. ಚಾಚಿ ಅಂದರೆ ಅವರ ಹೆಂಡತಿ. ಕಾರ್ಖಾನೆಯವರೆಲ್ಲ ಅವರನ್ನು ಉಸ್ತಾದ್ರ ಎಂದು ಕರೆದರೂ ನಾನು ಚಾಚಾ ಅಂತಲೇ ಕರೆಯುತ್ತಿದ್ದೆ, ಅವರು ನನಗೆ ಮಗಳ ಅನ್ನುತ್ತಿದ್ದರು.

ನಾನು ಅಲ್ಲಿ ಸೇರಿದ್ದು ಕಲ್ಲಿನ ಫೋಟೋ ತೆಗೆಯುವ ಕೆಲಸಕ್ಕೆ. ಕೇಳಿದವರು ನಗುತ್ತಾರೆ, ನಗಲಿ. ಈಗ ಗಿರಾಕಿ ಊರಿಗೆ ಬರುವುದಿಲ್ಲ, ಮೊಬೈಲಿನಲ್ಲಿ ನೋಡಿ ಆರಿಸುತ್ತಾನೆ. ಹುನಗುಂದದಿಂದ ಬೆಳಗಿನ ಬಸ್ಸಿಗೆ ಬಂದು, ಸಾಲಾಗಿ ನಿಲ್ಲಿಸಿದ ಸ್ಲ್ಯಾಬುಗಳಿಗೆ ನೀರು ಚಿಮುಕಿಸಿ, ಕಲ್ಲಿನ ಒಳಗಿನ ಕೆಂಪು ಎದ್ದು ಬಂದ ಗಳಿಗೆಯಲ್ಲಿ ಫೋಟೋ ಹಿಡಿದು ಕಳಿಸುವುದು ನನ್ನ ಕೆಲಸ. ನಮ್ಮ ಕಡೆಯ ಕಲ್ಲು ಒಣಗಿದ್ದಾಗ ಸುಮ್ಮನೆ ಕಲ್ಲು, ಒದ್ದೆಯಾದರೆ ಅದರ ಚೆಲುವೇ ಬೇರೆ. ಗಂಡಸರೇ ತುಂಬಿದ್ದ ಆ ಶೆಡ್ಡಿನಲ್ಲಿ ಹೆಣ್ಣುಮಗಳು ಬಾಟಲಿ ಹಿಡಿದು ಕಲ್ಲಿಗೆ ಸ್ನಾನ ಮಾಡಿಸುವುದನ್ನು ನೋಡಿ ಹುಡುಗರು ತಮಾಷೆ ಮಾಡುತ್ತಿದ್ದರು. ಉಸ್ತಾದರು ಒಮ್ಮೆ ಗಾಡಿ ನಿಲ್ಲಿಸಿ ಅವರ ಕಡೆ ಓರೆಗಣ್ಣು ಹಾಯಿಸಿದರು. ಅವತ್ತಿಗೆ ತಮಾಷೆ ನಿಂತಿತು.

ಅವರ ಠೀವಿಯನ್ನು ಹೇಳದಿದ್ದರೆ ಮನುಷ್ಯ ಪೂರ್ತಿಯಾಗುವುದಿಲ್ಲ. ಕಲ್ಲಿನ ರಾಡಿಯೇ ಹರಿಯುವ ಜಾಗಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುವವರು ಅವರೊಬ್ಬರೇ. ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ. ಕನ್ನಡಿಯ ಮುಂದೆ ಗಡ್ಡ ಬಾಚಿಕೊಳ್ಳದೆ ಸೀಟು ಹತ್ತುವವರಲ್ಲ, ಮತ್ತು ಆ ಕನ್ನಡಿ ಗಾಡಿಗೇ ಸೇರಿದ್ದು. ಕುತ್ತಿಗೆ ತಿರುಗಿದ್ದರಿಂದ ಅದರಲ್ಲಿ ಎಡಗಡ್ಡ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಬಲಗಡ್ಡ ಯಾವಾಗಲೂ ಸ್ವಲ್ಪ ಕೆದರಿಕೊಂಡಿರುತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಳಕಲ್ಲಿಗೆ ಬರುವ ಮೊದಲು ಜಿಲ್ಲೆಯಲ್ಲೆಲ್ಲ ತಿರುಗಿದವರು. ಹತ್ತಿ ಜಿನ್ನಿನಲ್ಲಿ ಅರಳೆಯ ಬೇಲುಗಳನ್ನು ಎರಡು ಅಂಗೈಗಳ ನಡುವೆ ಅಪ್ಪಿ ಹಿಡಿಯುವ ಗಾಡಿ ಓಡಿಸಿದ್ದರು. ಕಲಾದಗಿಯ ಹತ್ತಿರ ಒಂದು ದಾಳಿಂಬೆ ಗೋದಾಮಿನಲ್ಲಿ, ಓಣಿಯಷ್ಟು ಇಕ್ಕಟ್ಟಿನ ಸಾಲುಗಳ ನಡುವೆ ನಿಂತುಕೊಂಡೇ ಓಡಿಸುವ ಸಣ್ಣ ಗಾಡಿಯಿಂದ ಹಣ್ಣಿನ ಪೆಟ್ಟಿಗೆಗಳನ್ನು ಮಾಡಿನವರೆಗೆ ಏರಿಸಿದ್ದರು. ಮರೋಳದ ಕಡೆ ಹೊಲಕ್ಕೆ ನೀರು ಹಾಯಿಸುವ ಪೈಪುಗಳು ಬಂದಾಗ, ಮುಂದೆ ಒಂದು ಉದ್ದನೆಯ ತೊಲೆ ಸಿಕ್ಕಿಸಿಕೊಂಡು ಲಾರಿಯಿಂದ ಇಳಿಸಿದ್ದರು. ಆ ಕಥೆಗಳನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳುವರು, ಪ್ರತಿಸಲ ಹೇಳುವಾಗ ಪೈಪುಗಳು ಒಂದಿಷ್ಟು ದಪ್ಪವಾಗುತ್ತಿದ್ದವು.

ನಮ್ಮ ಶೆಡ್ಡಿನ ಗೋಡೆಗುಂಟ ಆ ಗಾಡಿಗಳಿಗೆ ಸಿಕ್ಕಿಸುವ ಸಾಮಾನುಗಳನ್ನು ಅವರು ಒರೆಸಿ, ಗ್ರೀಸು ಹಚ್ಚಿ ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಅವರದೇ ಹೆಸರು. ಸ್ಲ್ಯಾಬನ್ನು ಮೇಲಿಂದ ಕಚ್ಚಿ ಎತ್ತುವ ಕ್ಲ್ಯಾಂಪು ಅತ್ತೆ, ಯಾಕೆಂದರೆ ಹಿಡಿದರೆ ಬಿಡುವವಳಲ್ಲ, ಆದರೆ ಒಂದು ಸಲಕ್ಕೆ ಒಬ್ಬರನ್ನೇ ಹಿಡಿಯುವಳು. ಬೆಲ್ಟು ಕಟ್ಟಿ ತೂಗುಹಾಕುವ ಉದ್ದನೆಯ ತೊಲೆ ಸೊಂಡಿ, ಆನೆಯದು. ಇನ್ನೊಂದಿತ್ತು, ಸೈಡ್ ಶಿಫ್ಟರ್. ಅದು ಗೋಡೆಗೆ ಬರುತ್ತಲೇ ಇರಲಿಲ್ಲ, ಶೆಡ್ಡಿನ ಪ್ರತಿ ಗಾಡಿಯ ಎದೆಗೂ ಅಂಟಿಕೊಂಡೇ ಇರುತ್ತಿತ್ತು. ಗಾಲಿ ನಿಂತಲ್ಲೇ ನಿಂತಿರುವಾಗ ಮುಂದಿನ ಭಾರವನ್ನಷ್ಟೇ ಆಚೆ ಈಚೆ ಸರಿಸುವುದು ಅದರ ಕೆಲಸ. ಅದಕ್ಕೆ ಸೊಸೆ ಎಂದು ಹೆಸರು. ಯಾಕೆ ಚಾಚಾ ಅಂತ ಕೇಳಿದ್ದಕ್ಕೆ, ಮನೆ ಮುರಿಯದ ಹಾಗೆ ಸದ್ದಿಲ್ಲದೆ ಎಲ್ಲರನ್ನೂ ಒಂದೊಂದು ಬೆರಳು ಸರಿಸಿ ಜಾಗ ಮಾಡುವವಳು ಅವಳೇ ಅಂದಿದ್ದರು. ಅವರ ಸೊಸೆ ಅವತ್ತು ಅಲ್ಲಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

ಮಹಡಿಯ ಮೇಲಿನ ಆಫೀಸಿಗೆ ಅವರು ಚಹಾ ಕಳಿಸುತ್ತಿದ್ದ ಪರಿ ಇಳಕಲ್ಲಿಗೇ ಗೊತ್ತಿತ್ತು. ಗಿರಾಕಿಗಳು ಬಂದ ದಿನ, ಯಾರೂ ಕೇಳದಿದ್ದರೂ, ಉಕ್ಕಿನ ನಾಲಿಗೆಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ತುಂಬಿದ ಗ್ಲಾಸುಗಳು. ಹಿಂದಕ್ಕೆ ಓಡಿಸಿಕೊಂಡು ಬಂದು ಕಿಟಕಿಯ ಕೆಳಗೆ ಒಮ್ಮೆ ಸುತ್ತು ಹೊಡೆದು ನಿಲ್ಲಿಸಿ, ಮೇಲಕ್ಕೆ ಏರಿಸಿ, ಸೊಸೆಯನ್ನು ಒಂದಿಷ್ಟು ಸರಿಸಿ ಗ್ಲಾಸನ್ನು ಕಿಟಕಿಯ ಸರಳಿಗೆ ತಾಗಿಸಿ ನಿಲ್ಲಿಸುವರು. ಹಲಗೆಯ ಮೇಲೆ ಒಂದು ಹನಿ ಕಂಡವರಿಲ್ಲ. ಮಾಲೀಕರು ಬೈಯುತ್ತಲೇ ಗ್ಲಾಸು ಎತ್ತಿಕೊಳ್ಳುವರು, ಗಿರಾಕಿಗಳು ಮೊಬೈಲು ತೆಗೆಯುವರು, ಉಸ್ತಾದರು ಕೆಳಗೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು ಕೂತಿರುವರು. ಮೊದಲ ಸಲ ನೋಡಿದ ದಿನ ನಾನು ಮನೆಗೆ ಹೋಗಿ ಅವ್ವನಿಗೆ ಹೇಳಿದ್ದೆ, ಆ ಮನುಷ್ಯನ ಕೈಯೊಳಗೆ ಏನೋ ಐತಿ ಅಂತ. ಅವ್ವ, ಕಬ್ಬಿಣದ ಗಾಡಿಗೆ ಅಷ್ಟೇಕ ಬೆರಗು, ಊಟ ಮಾಡು ಅಂದಿದ್ದಳು.

ಅವರಿಗೆ ಸೇರದ ಒಂದೇ ಗಾಡಿ ಅಂದರೆ ಬ್ಯಾಟರಿಯದು. ಹೊಗೆ ಬೇಡವೆಂದು ಮಾಲೀಕರು ಶೆಡ್ಡಿನ ಒಳಗಿನ ಕೆಲಸಕ್ಕೆ ಅದನ್ನು ತರಿಸಿದ್ದರು. ಡೀಸೆಲ್ ಗಾಡಿ ಭಾರ ಹೆಚ್ಚಾದರೆ ಗುರುಗುಟ್ಟುತ್ತದೆ, ಅದರ ದನಿಯಿಂದ ಅದರ ಜೀವ ತಿಳಿಯುತ್ತದೆ, ಇದು ಮಾತೇ ಆಡುವುದಿಲ್ಲ ಎಂಬುದು ಅವರ ತಕರಾರು. ಮೂಗಿಗಾಡಿ ಎಂದು ಹೆಸರಿಟ್ಟು ಬೇರೆಯವರಿಗೆ ಬಿಟ್ಟುಬಿಟ್ಟಿದ್ದರು. ಒಳಗಿನ ಕೆಲಸಕ್ಕೂ ತಮ್ಮ ಹಳೆಯ ಡೀಸೆಲ್ಲನ್ನೇ ನುಗ್ಗಿಸಿ ನಮ್ಮನ್ನೆಲ್ಲ ಕೆಮ್ಮಿಸುತ್ತಿದ್ದರು.

ಆ ದಿನ ಬೆಳಿಗ್ಗೆ ನಾನು ಒಳಗಿನ ಶೆಡ್ಡಿನಲ್ಲಿ ಎರಡು ಸ್ಟ್ಯಾಂಡುಗಳ ನಡುವಿನ ಸಂದಿಯಲ್ಲಿದ್ದೆ. ಎರಡೂ ಕಡೆ ಸ್ಲ್ಯಾಬುಗಳು ನಿಂತಿದ್ದವು, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಪಾಲಿಶಿನ ನೀರು ಹರಿದು ಹರಿದು ನೆಲದ ಸಿಮೆಂಟು ಒಳಗಿಂದ ಪೊಳ್ಳಾಗಿದ್ದುದು ಯಾರಿಗೂ ಗೊತ್ತಿರಲಿಲ್ಲ. ಎಡಗಡೆಯ ಸ್ಟ್ಯಾಂಡಿನ ಕಾಲು ಒಮ್ಮೆಲೇ ಕುಸಿಯಿತು. ಮೇಲಿನ ಮೂರು ಸ್ಲ್ಯಾಬು ನನ್ನ ಕಡೆ ಬಾಗಿ ಬಂದವು. ಕೂಗುವುದರೊಳಗೆ ಅವುಗಳ ತಲೆ ಎದುರಿನ ಸಾಲಿಗೆ ಬಡಿದು ನಿಂತವು, ನಾನು ಕೆಳಗಿನ ತ್ರಿಕೋನದಲ್ಲಿ ಕೂತಿದ್ದೆ. ಬಲತೊಡೆ ಕಲ್ಲಿಗೂ ಎದುರಿನ ಸ್ಟ್ಯಾಂಡಿನ ಕಬ್ಬಿಣಕ್ಕೂ ನಡುವೆ ಸಿಕ್ಕಿತ್ತು. ಸ್ಲ್ಯಾಬುಗಳ ಬುಡ ಒದ್ದೆ ನೆಲದ ಮೇಲೆ ಇತ್ತು. ಬುಡ ಜಾರಿದರೆ ತಲೆ ಕೆಳಗೆ ಬರುತ್ತದೆ, ತಲೆ ಕೆಳಗೆ ಬಂದರೆ ನಾನಿಲ್ಲ. ಇಷ್ಟು ನನಗೆ ಸ್ಪಷ್ಟವಾಗಿ ತಿಳಿಯಿತು. ಅಂಥ ಹೊತ್ತಿನಲ್ಲಿ ಬುದ್ಧಿ ಬಹಳ ಚುರುಕಾಗಿರುತ್ತದೆ, ಇರಬಾರದಿತ್ತು.

ಜನ ಓಡಿ ಬಂದರು. ಕ್ಲ್ಯಾಂಪು ತಂದು ಮೇಲಿನ ಸ್ಲ್ಯಾಬಿನಿಂದ ಒಂದೊಂದಾಗಿ ಎತ್ತೋಣ ಎಂದು ಸೂಪರ್‌ವೈಸರ್ ಕೂಗಿದ್ದು ಕೇಳಿಸಿತು. ಆಮೇಲೆ ಉಸ್ತಾದರ ದನಿ.

"ಅತ್ತಿ ಬ್ಯಾಡ. ಒಂದನ್ನ ಎಳದ್ರ ಉಳದೆರಡು ಜಾರತಾವ. ಮೂರೂ ಕೂಡೇ ಬರಬೇಕು. ಸೊಂಡಿ ತರ್ರಿ."

ಮೊದಲು ಸ್ಲ್ಯಾಬುಗಳ ಬುಡಕ್ಕೆ ಮರದ ತುಂಡುಗಳನ್ನು ಬಡಿಸಿ ಜಾರದ ಹಾಗೆ ಮಾಡಿಸಿದರು. ಮೂರಕ್ಕೂ ಸೇರಿಸಿ ಬೆಲ್ಟು ಸುತ್ತಿಸಿದರು. ನಾನು ಡೀಸೆಲ್ ಗಾಡಿಯ ಗುರುಗುಟ್ಟುವಿಕೆಗೆ ಕಿವಿಗೊಟ್ಟು ಕೂತಿದ್ದೆ, ಅದು ಬರಲೇ ಇಲ್ಲ. ಸಂದಿಯ ತುದಿಯಲ್ಲಿ ಸದ್ದಿಲ್ಲದೆ ಬಂದು ನಿಂತದ್ದು ಮೂಗಿಗಾಡಿ. ಸೀಟಿನ ಮೇಲೆ ಬಿಳಿ ಅಂಗಿ. ಅದರ ತೊಲೆ ನನ್ನ ತಲೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿತು, ಬೆಲ್ಟನ್ನು ಅದರ ಕೊಕ್ಕೆಗೆ ಸಿಕ್ಕಿಸಿದರು.

ಆಮೇಲೆ ಅವರು ಕೆಳಗಿಳಿದರು. ಭಾರ ಎತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ನಡೆದು ನೋಡುವುದು ಅವರ ರೂಢಿ. ಚಹಾದ ಹಲಗೆ ಇದ್ದರೂ ನಡೆಯುವರು, ಕಲ್ಲಿದ್ದರೂ ನಡೆಯುವರು. ಅವತ್ತೂ ನಡೆದರು. ಎಲ್ಲರೂ ಬೇಗ, ಬೇಗ ಅನ್ನುತ್ತಿದ್ದಾರೆ, ನಾನು ಕಲ್ಲಿನ ಕೆಳಗಿನಿಂದ ಅವರ ಚಪ್ಪಲಿಗಳು ಸಾವಕಾಶವಾಗಿ ಹೋಗುವುದನ್ನು ನೋಡುತ್ತಿದ್ದೇನೆ. ಅಷ್ಟು ಸಿಟ್ಟು ನನಗೆ ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ಈಗ ನೆನೆದರೆ, ಆ ಕೈಗಳು ನಡುಗದೆ ಇದ್ದದ್ದು ಆ ಒಂದು ಸುತ್ತಿನಿಂದಲೇ ಅನ್ನಿಸುತ್ತದೆ.

ಸುತ್ತು ಮುಗಿಸಿ ಸಂದಿಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. ನನ್ನನ್ನು ನೋಡಲು ಇಡೀ ಮೈ ತಿರುಗಿಸಿ ಗೋಡೆಯ ಕಡೆ ಎದೆ ಮಾಡಿ ಕೂರಬೇಕಾಯಿತು.

"ಮಗಳ, ಅಲ್ಲಿಂದ ನಿನ್ನ ಕಾಲು ನನಗ ಕಾಣಸೂದಿಲ್ಲ. ನೀನ ಹೇಳಬೇಕು. ಎಡಾ ಬಲಾ ಅನಬ್ಯಾಡ, ಗೊಂದಲಾಗತೈತಿ. ಹಗರ ಆಗಾಕತ್ತಿದ್ರ ಹೂಂ ಅನ್ನು. ನೋವಾದ್ರ ಸಾಕು ಅನ್ನು. ಎರಡ ಮಾತು."

ನಾನು ಹೂಂ ಅಂದೆ.

"ಹಾಂ, ಹಂಗ," ಅಂದು ಎದ್ದು ಹೋದರು. ಶೆಡ್ಡಿನಲ್ಲಿ ಯಾರೂ ಮಾತಾಡಕೂಡದೆಂದು ಹೇಳಿದ್ದು ಕೇಳಿಸಿತು. ಪಾಲಿಶಿನ ಯಂತ್ರಗಳನ್ನೂ ನಿಲ್ಲಿಸಿದರು. ಆ ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಆಗ ಅರ್ಥವಾಯಿತು, ಅವರು ಮೂಗಿಗಾಡಿ ಯಾಕೆ ತಂದರೆಂದು. ಡೀಸೆಲ್ಲಿನ ಸದ್ದಿನಲ್ಲಿ ನನ್ನ ಹೂಂ ಅವರಿಗೆ ಕೇಳಿಸುತ್ತಿರಲಿಲ್ಲ.

ಬೆಲ್ಟು ಬಿಗಿಯಾಯಿತು. ಕಲ್ಲು ಉಸಿರೆಳೆದಂತೆ ಸ್ವಲ್ಪ ಎದ್ದಿತು. ಹೂಂ ಅಂದೆ. ಮೇಲಿನ ತೊಲೆ ನನ್ನಿಂದ ದೂರಕ್ಕೆ, ಒಂದು ಬೆರಳಿನಷ್ಟು ಸರಿಯಿತು. ಗಾಲಿಗಳು ಅಲುಗಲಿಲ್ಲ. ಸೊಸೆ ಕೆಲಸ ಶುರುಮಾಡಿದ್ದಳು. ಹೂಂ. ಇನ್ನೊಂದು ಬೆರಳು. ಹೂಂ. ಮತ್ತೆ ಸ್ವಲ್ಪ ಮೇಲಕ್ಕೆ. ತೊಡೆಯ ಮೇಲಿನ ಭಾರ ಇಳಿಯುತ್ತಿದ್ದಂತೆ ಅಲ್ಲಿಯವರೆಗೆ ಜೋಮು ಹಿಡಿದಿದ್ದ ಕಾಲಿಗೆ ಜೀವ ಬಂತು, ಜೀವದ ಜೊತೆ ನೋವು ಬಂತು. ಎಲ್ಲೋ ಕಲ್ಲಿಗೆ ಕಲ್ಲು ಉಜ್ಜಿದ ಸಣ್ಣ ಸದ್ದಾಯಿತು. ನಾನು ಹೆದರಿ ಸಾಕು ಅಂದುಬಿಟ್ಟೆ.

ಎಲ್ಲ ನಿಂತಿತು. ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು, ಇನ್ನೊಂದಿಷ್ಟು ಸರಿಸಿದರೆ ನನ್ನನ್ನು ಎಳೆದುಕೊಳ್ಳಬಹುದು. ಸೂಪರ್‌ವೈಸರ್ ತಡೆಯಲಾರದೆ, ಉಸ್ತಾದ್ರ, ಸರಸ್ರಿ, ಜಾಗ ಐತಿ ಅಂದರು. ಉಸ್ತಾದರು ಸರಿಸಲಿಲ್ಲ. ಮೂರು ಸ್ಲ್ಯಾಬಿನ ಭಾರವನ್ನು ಗಾಳಿಯಲ್ಲಿ ಹಿಡಿದುಕೊಂಡು ಕಾದರು. ನನ್ನ ಉಸಿರು ನೆಟ್ಟಗಾಗುವವರೆಗೆ, ಹೆದರಿಕೆ ಯಾವುದು, ನೋವು ಯಾವುದು ಎಂದು ನಾನೇ ಬೇರೆ ಮಾಡಿಕೊಳ್ಳುವವರೆಗೆ ಕಾದರು. ಯಾರೊಬ್ಬರ ಮಾತನ್ನೂ ನಂಬದೆ ಕುತ್ತಿಗೆ ಕೊಟ್ಟ ಆ ಮನುಷ್ಯ ಅವತ್ತು ನನ್ನ ಮಾತಿಗೆ ಕಟ್ಟುಬಿದ್ದು ಕೂತಿದ್ದರು. ತಪ್ಪಾಗಿಯಾದರೂ ನಾನು ಸಾಕು ಅಂದಿದ್ದೇನೆ, ಹಾಗಾದರೆ ಸಾಕು.

ಸ್ವಲ್ಪ ಹೊತ್ತಿನ ಮೇಲೆ ನಾನು ಹೂಂ ಅಂದೆ. ತೊಲೆ ಇನ್ನೊಂದು ಬೆರಳು ಸರಿಯಿತು. ಯಾರೋ ಕಂಕುಳಿಗೆ ಕೈಹಾಕಿ ನನ್ನನ್ನು ಹೊರಗೆ ಎಳೆದರು.

ಬಾಗಲಕೋಟೆಯ ದವಾಖಾನೆಯಲ್ಲಿ ತೊಡೆಗೆ ರಾಡು ಹಾಕಿದರು. ನೋಡಲು ಬಂದ ಸೂಪರ್‌ವೈಸರ್ ಹಾಸಿಗೆಯ ಪಕ್ಕ ಕೂತು ಒಂದು ಮಾತು ಹೇಳಿದರು. ಅವರು ಗಾಡಿಯ ಪಕ್ಕದಲ್ಲೇ ನಿಂತಿದ್ದರಂತೆ. ಎತ್ತಲು ಶುರುಮಾಡಿದಾಗಿನಿಂದ ನಾನು ಹೊರಗೆ ಬರುವವರೆಗೆ ಉಸ್ತಾದರು ಕಣ್ಣು ಮುಚ್ಚಿಕೊಂಡಿದ್ದರಂತೆ. ನನ್ನ ದನಿಯ ಕಡೆಗೆ ಕಿವಿ ಇರಲೆಂದು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಅಷ್ಟು ದೊಡ್ಡ ನಂಬಿಕೆಯನ್ನು ಇಟ್ಟುಕೊಳ್ಳುವುದಕ್ಕೆ ನನ್ನಲ್ಲಿ ಜಾಗ ಇರಲಿಲ್ಲ.

ಕಾಲು ಕೂಡಿಕೊಂಡ ಮೇಲೆ ಮತ್ತೆ ಅದೇ ಕೆಲಸಕ್ಕೆ ಹೋದೆ. ಅವ್ವ ಬೇಡವೆಂದಳು, ಆದರೂ ಹೋದೆ. ಅಷ್ಟರಲ್ಲಿ ಮಾಲೀಕರು ಶೆಡ್ಡಿನ ನೆಲ ಅಗೆಸಿ ಹೊಸದಾಗಿ ಹಾಕಿಸಿದ್ದರು, ಸಂದಿಗಳನ್ನು ಅಗಲ ಮಾಡಿಸಿದ್ದರು. ಉಸ್ತಾದರ ಮುಂದೆ ನಿಂತು ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದೆ, ಬಂದೆ ಚಾಚಾ ಅಂತಷ್ಟೇ ಅಂದೆ. ಚಹಾದ ಹಲಗೆಯ ಬಗ್ಗೆ ಅಷ್ಟು ಜಂಬ ಕೊಚ್ಚುವ ಮನುಷ್ಯ ಈ ವಿಷಯಕ್ಕೆ ಮಾತ್ರ ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದರು.

"ಅವತ್ತ ಗಾಡಿ ನಾ ಓಡಸಲಿಲ್ಲ. ಅಕಿ ಓಡಸಿದ್ಲು."

ಮೂಗಿಗಾಡಿಯನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ. ಆದರೆ ಸಂಜೆ ಎಲ್ಲರೂ ಹೊರಟ ಮೇಲೆ ಅದರ ಚಾರ್ಜಿನ ವೈರನ್ನು ತಾವೇ ಸಿಕ್ಕಿಸಿ, ಬೋಳು ತಲೆಯ ಮಗುವನ್ನು ತಟ್ಟಿದ ಹಾಗೆ ಅದರ ಹಿಂಬದಿಯನ್ನು ತಟ್ಟಿ ಹೋಗುವುದನ್ನು ನಾನು ನೋಡಿದ್ದೇನೆ. ಭಾರ ಹೊತ್ತು ಹಿಂದಕ್ಕೆ ಓಡಿಸುತ್ತ ನನ್ನ ಪಕ್ಕ ಹಾಯ್ದರೆ ಸೀಟಿನ ಹಿಂದಿನ ಕಂಬದಿಂದ ಬಲಗೈಯ ಎರಡು ಬೆರಳು ಮೇಲಕ್ಕೆದ್ದು ಇಳಿಯುತ್ತಿದ್ದವು. ಅದೇ ನಮ್ಮ ನಮಸ್ಕಾರ. ಅದನ್ನು ಕಾಣದ ದಿನ ಏನೋ ಮರೆತು ಮನೆಗೆ ಹೋದಂತಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎದೆ ನೋವೆಂದು ಮಧ್ಯಾಹ್ನ ಮನೆಗೆ ಹೋದವರು ಮಲಗಿದಲ್ಲೇ ಹೋದರು. ನಮ್ಮ ಶೆಡ್ಡಿನವರೆಲ್ಲ ಮಣ್ಣಿಗೆ ಹೋಗಿ ಬಂದರು. ಹೆಣ್ಣುಮಕ್ಕಳು ಕಬರಸ್ತಾನಕ್ಕೆ ಹೋಗುವುದಿಲ್ಲವಾದ್ದರಿಂದ ನಾನು ಮರುದಿನ ಅವರ ಮನೆಗೆ ಹೋದೆ. ಚಾಚಿ ಜಮಖಾನೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ರಾಡು ಇರುವ ಕಾಲನ್ನು ಮಡಚಲು ಬಾರದೆ ನಾನು ಒದ್ದಾಡುವುದನ್ನು ನೋಡಿ, ಕಾಲು ಚಾಚು ಮಗಳ, ಸಂಕೋಚ ಬ್ಯಾಡ ಅಂದರು. ಗೋಡೆಯ ಮೇಲೆ ಆ ಮದುವೆಯ ಫೋಟೋ ಇತ್ತು. ನಾವಿಬ್ಬರೂ ಅದನ್ನು ನೋಡಿದೆವು. ಇಷ್ಟು ವರ್ಷ ಎದುರಿಗೆ ಕೂತು ಉಂಡರೂ ಆ ಮನುಷ್ಯ ತನ್ನನ್ನು ನೆಟ್ಟಗೆ ನೋಡಲಿಲ್ಲ ಎಂದು ಚಾಚಿ ಹೇಳಿದರು. ಹೇಳುವಾಗ ನಗುತ್ತಿದ್ದರು, ಸೆರಗು ಕಣ್ಣಿಗೆ ಹೋಗಿತ್ತು.

ಆಮೇಲೆ ದನಿ ತಗ್ಗಿಸಿ ಹೇಳಿದರು.

"ನಮ್ಮಾಗ ಮಣ್ಣಾಗ ಇಟ್ಟಾದ ಮ್ಯಾಲ ಮಖ ಬಲಕ್ಕ ಹೊಳ್ಳಸ್ತಾರವಾ, ಪಶ್ಚಿಮಕ್ಕ, ಕಾಬಾದ ಕಡೆ. ನಮ್ಮ ಹುಡುಗ ಒಳಗ ಇಳದಿದ್ದ. ಹೊಳ್ಳಸಬೇಕಂತ ಕೈ ಹಚ್ಚಿದ್ರ, ಅವರು ಮೊದ್ಲ ಹೊಳ್ಳಿದ್ರಂತ. ಒಂದ್ ಬೆರಳೂ ಸರಸೂದು ಬೇಕಾಗಲಿಲ್ಲಂತ."

ಆ ಕುತ್ತಿಗೆಗೆ ನಾವೆಲ್ಲ ಎಷ್ಟು ನಕ್ಕಿದ್ದೆವು. ಎಲ್ಲಿಗೆ ಹೊರಟರೂ ಹೋಗುವ ದಾರಿಯನ್ನು ಮೊದಲೇ ತಿರುಗಿ ನೋಡಿಕೊಂಡಿರುತ್ತಿದ್ದ ಮನುಷ್ಯ, ಅಲ್ಲಿಗೂ ನೋಡಿಕೊಂಡೇ ಹೋಗಿದ್ದರು.

"ಹೋಗೂವಾಗನೂ ಯಾರ ಸನ್ನಿನೂ ಕೇಳಲಿಲ್ಲ ನೋಡು," ಅಂದರು ಚಾಚಿ, ನನ್ನ ಕಾಲಿನ ಮೇಲೆ ಕೈಯಿಟ್ಟು.

ಎದೆಯಲ್ಲಿ ಭಾರ ಅಷ್ಟೂ ಇತ್ತು. ಆದರೂ ನಾನು ಕಣ್ಣು ಮುಚ್ಚಿಕೊಂಡು, ಚಾಚಾನಿಗೆ ಕೇಳಿಸುವಷ್ಟು, ಹೂಂ ಅಂದೆ.